ಆ 105 ನಿಮಿಷ ಎಲ್ಲಿ ಹೋಗ್ತಿತ್ತು?

ಬೀಟಲ್ಸ್ ಹಾಡಿನ ರೆಕಾರ್ಡ್ ಮಾರುತ್ತಿದ್ದ ಇಎಂಐ ಕಂಪನಿ ಕೇಳಿದ್ದೀರಲ್ಲ? ಸಿ.ಟಿ. ಸ್ಕ್ಯಾನ್ ಹುಟ್ಟಿದ್ದೂ ಅಲ್ಲೇ. ಅಲ್ಲಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳನ್ನು ನೋಡಿತು. ಚಿತ್ರ ಅಲ್ಲೇ ಸಿಗಲಿಲ್ಲ. ಟೇಪನ್ನು ಬೇರೆ ಕಡೆಯ ಕಂಪ್ಯೂಟರಿಗೆ ಒಯ್ದು ಲೆಕ್ಕ ಹಾಕಿಸಬೇಕಿತ್ತು. 1979ರಲ್ಲಿ ನೊಬೆಲ್ ಬಂತು. ಯಂತ್ರದ ಕೆಲಸ ಈಗ ಸೆಕೆಂಡುಗಳ ಮಾತು.

ಮತ್ತೆ ಎಮರ್ಜೆನ್ಸಿಯಲ್ಲಿ ತಡ ಯಾಕೆ?

ಸ್ಟ್ರೋಕ್ ತಗೊಳ್ಳಿ, ನಮ್ಮ ಕಡೆ ಲಕ್ವ ಅಂತೀವಲ್ಲ, ಅದು. ಹೆಪ್ಪುಗಟ್ಟಿದ ರಕ್ತ ಕರಗಿಸೋ ಔಷಧವನ್ನು 3 ಗಂಟೆಯೊಳಗೆ ಕೊಟ್ಟರೆ ಕೈಕಾಲು ಉಳಿಯುವ ಸಾಧ್ಯತೆ ಹೆಚ್ಚು ಅಂತ 1995ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ಆದರೆ ಮಿದುಳಲ್ಲಿ ರಕ್ತ ಕಟ್ಟಿಕೊಂಡಿದೆಯೋ, ಸೋರುತ್ತಿದೆಯೋ? ಹೊರಗಿಂದ ನೋಡಿ ಹೇಳಕ್ಕಾಗಲ್ಲ. ಸೋರುತ್ತಿದ್ದರೆ ಅದೇ ಔಷಧ ಪ್ರಾಣ ತೆಗೆಯಬಹುದು. ಹಾಗಾಗಿ ಸ್ಕ್ಯಾನ್ ಆಗದೆ ಇಂಜೆಕ್ಷನ್ ಇಲ್ಲ. ದೊಡ್ಡ ರಕ್ತನಾಳ ಮುಚ್ಚಿಕೊಂಡಿದ್ದರೆ ಕಾಯುವ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ.

1998ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ರೋಗಿ ಆಸ್ಪತ್ರೆ ಬಾಗಿಲಿಗೆ ಬಂದು ಇಂಜೆಕ್ಷನ್ ಬೀಳೋಕೆ ಸಾಮಾನ್ಯವಾಗಿ 105 ನಿಮಿಷ ಆಗ್ತಿತ್ತು. 2011ಕ್ಕೆ ಅದು 20 ನಿಮಿಷ!

ಜಾದೂ ಏನೂ ಮಾಡಲಿಲ್ಲ. ರೋಗಿ ಇನ್ನೂ ರಸ್ತೆಯಲ್ಲಿರುವಾಗಲೇ ಆಂಬುಲೆನ್ಸಿನಿಂದ ಆಸ್ಪತ್ರೆಗೆ ಫೋನ್. ಹಳೇ ಕಾಯಿಲೆ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಅಷ್ಟರಲ್ಲಿ ತೆಗೆದು ನೋಡಿರುತ್ತಿದ್ದರು. ಸ್ಕ್ಯಾನಿಗೆ, ರಕ್ತ ಪರೀಕ್ಷೆಗೆ ಮೊದಲೇ ಚೀಟಿ ರೆಡಿ. ಸ್ಕ್ಯಾನರನ್ನೇ ಎಮರ್ಜೆನ್ಸಿಗೆ ತಂದಿಟ್ಟರು. ಬಂದವರನ್ನು ಹಾಸಿಗೆಗೆ ಇಳಿಸೋದೂ ಇಲ್ಲ, ಆಂಬುಲೆನ್ಸಿನ ಸ್ಟ್ರೆಚರಲ್ಲೇ ಸೀದಾ ಸ್ಕ್ಯಾನರಿಗೆ. ರೇಡಿಯಾಲಜಿ ರಿಪೋರ್ಟ್ ಬರಲಿ ಅಂತ ಕೂರದೆ ನರರೋಗ ವೈದ್ಯರೇ ಚಿತ್ರ ನೋಡಿ, ಸ್ಕ್ಯಾನಿಂಗ್ ಟೇಬಲ್ ಮೇಲೇ ಔಷಧ ಕೊಡುತ್ತಿದ್ದರು. ಹೊಸ ಮಷಿನ್ ಬಂದರೆ ರಿಬ್ಬನ್ ಕತ್ತರಿಸೋಕೆ ಮಂತ್ರಿಗಳು ಬರ್ತಾರೆ. ಸ್ಟ್ರೆಚರ್ ಬದಲಿಸೋದನ್ನ ನಿಲ್ಲಿಸಿದ್ದಕ್ಕೆ ಯಾರು ಬರ್ತಾರೆ ಹೇಳಿ?

ಅದು ಶ್ರೀಮಂತ ದೇಶ, ಬಿಡಿ ಅಂತೀರೇನೋ. ನನ್ನ ಪ್ರಕಾರ ಇಲ್ಲಿ ದುಡ್ಡಿಗಿಂತ ಹೆಚ್ಚು ಬೇಕಾಗಿದ್ದು ಹಟ. ಇಷ್ಟು ಮಾಡೋಕೆ ಹೆಲ್ಸಿಂಕಿಗೆ 13 ವರ್ಷ ಹಿಡೀತು. ಅಲ್ಲಿನ ವೈದ್ಯ ಅಟ್ಟೆ ಮೆರೆತೋಯಾ ಇದೇ ಪದ್ಧತಿಯನ್ನು 2012ರಲ್ಲಿ ಆಸ್ಟ್ರೇಲಿಯಾದ ರಾಯಲ್ ಮೆಲ್ಬರ್ನ್ ಆಸ್ಪತ್ರೆಗೆ ಒಯ್ದಾಗ ಬರೀ 4 ತಿಂಗಳು ಸಾಕಾಯ್ತು, 25 ನಿಮಿಷಕ್ಕೆ ಇಳೀತು. ಆದರೆ ಅದು ಆಫೀಸ್ ವೇಳೆಯಲ್ಲಿ ಬಂದವರಿಗೆ ಮಾತ್ರ. ರಾತ್ರಿ ಹೊತ್ತು, ರಜಾದಿನ ಲಕ್ವ ಹೊಡೆದವರು ಅಲ್ಲೂ ಒಂದು ಗಂಟೆ ಕಾಯುತ್ತಲೇ ಇದ್ದರು.