ಟಾರ್ಕ್ ಕನ್ವರ್ಟರ್ ಪುರಾಣ

ಹಳೇ ಅಮೆರಿಕನ್ ಕಾರುಗಳ ಬಗ್ಗೆ ಓದೋ ಹುಚ್ಚು ನನಗೆ. ಎಂಜಿನ್ ಬಗ್ಗೆ ಎಲ್ಲರೂ ಬರೀತಾರೆ. ಎಂಜಿನ್‌ಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೂ ನಡುವೆ ಉದ್ದಿನವಡೆ ಹಾಗೆ ಕೂತಿರೋ ಟಾರ್ಕ್ ಕನ್ವರ್ಟರ್ ಬಗ್ಗೆ ಬರೆಯೋರು ಕಡಿಮೆ. ವೇಗದ ಕಾರಿಗೆ ಇದನ್ನ ಆರಿಸೋದು ಹೇಗೆ ಅನ್ನೋ ಪ್ರಶ್ನೆಗೆ ಉತ್ತರ ಇದರ ಇತಿಹಾಸದಲ್ಲೇ ಇದೆ ಅಂತ ನನ್ನ ನಂಬಿಕೆ.

ಕಥೆ ಶುರುವಾಗಿದ್ದು ಕಾರಿನಲ್ಲಲ್ಲ, ಹಡಗಿನಲ್ಲಿ! ಸ್ಟೀಮ್ ಟರ್ಬೈನ್ ಜೋರಾಗಿ ತಿರುಗಿದರೆ ಚೆನ್ನ, ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೆ ಚೆನ್ನ. ಇಬ್ಬರ ಸಂಸಾರ ಹೊಂದೋದಿಲ್ಲ :) ಸ್ಟೆಟಿನ್ (ಆಗ ಜರ್ಮನಿ, ಈಗ ಪೋಲೆಂಡ್) ಊರಿನ ವಲ್ಕನ್ ಹಡಗು ಕಾರ್ಖಾನೆಯಲ್ಲಿದ್ದ ಹರ್ಮನ್ ಫೋಟಿಂಗರ್ ಇಬ್ಬರ ನಡುವೆ ದ್ರವವನ್ನ ತಂದು ಕೂರಿಸಿ, 1905ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಒಂದು ಚಕ್ರ ದ್ರವವನ್ನ ಎರಚುತ್ತೆ, ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತೆ. ವಾಪಸ್ ಬರೋ ದ್ರವದ ದಿಕ್ಕನ್ನ ನಡುವಿನ ಸ್ಟೇಟರ್ ಬದಲಿಸುತ್ತೆ. ಇದರಿಂದ ತಿರುಗಿಸುವ ಬಲ, ಅಂದರೆ ಟಾರ್ಕ್, ಹೆಚ್ಚುತ್ತೆ. ಕಾರಿನಲ್ಲಾದರೆ ಹೊರಡೋ ಕ್ಷಣದಲ್ಲಿ ಸುಮಾರು ಎರಡು ಪಟ್ಟು!

1940ರ ಮಾಡೆಲ್ ಓಲ್ಡ್ಸ್‌ಮೊಬಿಲ್‌ಗೆ ಹೈಡ್ರಾ-ಮ್ಯಾಟಿಕ್ ಬಂತು. ಅದರಲ್ಲಿ ದ್ರವ ಇತ್ತು, ಸ್ಟೇಟರ್ ಇರಲಿಲ್ಲ. ನಿಜವಾದ ಟಾರ್ಕ್ ಕನ್ವರ್ಟರ್ ಬಂದಿದ್ದು 1948ರ ಬ್ಯೂಕ್ ಡೈನಾಫ್ಲೋದಲ್ಲಿ. ಬೆಣ್ಣೆ ಥರ ನಯ. ಆದರೆ ಎಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಸಾವಕಾಶವಾಗಿ ಹೊರಡುತ್ತಿತ್ತು. ಜನ ಇಂಥವನ್ನ ಸ್ಲಶ್‌ಬಾಕ್ಸ್ ಅಂತ ಆಡಿಕೊಂಡರು. ದ್ರವ ಜಾರುತ್ತೆ ಅನ್ನೋದೇ ದೂರು. 1949ರಲ್ಲಿ ಪ್ಯಾಕರ್ಡ್ ಕಂಪನಿ, ಕಾರು ವೇಗ ಹಿಡಿದ ಮೇಲೆ ಆ ಜಾರುವಿಕೆಯನ್ನ ನಿಲ್ಲಿಸೋ ಲಾಕ್-ಅಪ್ ಕ್ಲಚ್ಚನ್ನೇ ಹಾಕಿತು.

ಮಜಾ ಇರೋದು ಇಲ್ಲಿ. ಕಾಲು ಮೈಲಿ ಡ್ರ್ಯಾಗ್ ರೇಸ್ ಹುಡುಗರಿಗೆ ಬೇಕಾಗಿದ್ದೇ ಆ ಜಾರುವಿಕೆ! ರೇಸ್ ಎಂಜಿನ್‌ಗೆ ದೊಡ್ಡ ಕ್ಯಾಮ್ ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಅದು ನಿದ್ದೆ ಹೋಗುತ್ತೆ, ಮೂರು ಸಾವಿರ ದಾಟಿದ ಮೇಲೆ ಎದ್ದು ಕೂರುತ್ತೆ. ಕನ್ವರ್ಟರ್ ಜಾರಿದರೆ ಕಾರು ಕದಲೋ ಮೊದಲೇ ಎಂಜಿನ್ ಅಲ್ಲಿಗೆ ತಲುಪುತ್ತೆ. 1960ರ ದಶಕದ ಶುರುವಿನಲ್ಲಿ, ಕ್ರೈಸ್ಲರ್ ಎಂಜಿನಿಯರುಗಳೇ ಕಟ್ಟಿದ್ದ ರಾಮ್‌ಚಾರ್ಜರ್ಸ್ ತಂಡ ಟಾರ್ಕ್‌ಫ್ಲೈಟ್ ಆಟೋಮ್ಯಾಟಿಕ್ ಹಾಕಿಕೊಂಡು ಕ್ಲಚ್ ಕಾರುಗಳನ್ನ ಸೋಲಿಸಿತು. ಆಟೋಮ್ಯಾಟಿಕ್ ಅಂದರೆ ಅಜ್ಜಂದಿರ ಕಾರಿಗೆ ಅನ್ನೋ ಮಾತು ಅಲ್ಲಿಗೆ ಬಿದ್ದುಹೋಯ್ತು.

ಈಗ ಆಯ್ಕೆಯ ವಿಷಯ. ಚಕ್ರ ಕದಲದಂತೆ ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಏರುತ್ತೋ ಅದೇ ಸ್ಟಾಲ್ ಸ್ಪೀಡ್. ಸಾಮಾನ್ಯವಾಗಿ ಕನ್ವರ್ಟರ್ ಅಗಲ ಕಡಿಮೆಯಾದಷ್ಟೂ ಇದು ಹೆಚ್ಚು. ಆದರೆ ಡಬ್ಬದ ಮೇಲೆ ಬರೆದ ಸಂಖ್ಯೆ ನಂಬಿ ಕೂರೋ ಹಾಗಿಲ್ಲ! ಅದೇ ಕನ್ವರ್ಟರ್ ಸಣ್ಣ ಎಂಜಿನ್ ಹಿಂದೆ ಕಮ್ಮಿ, ದೊಡ್ಡ ವಿ8 ಹಿಂದೆ ಜಾಸ್ತಿ ತೋರಿಸುತ್ತೆ. ಕಾರಿನ ತೂಕ, ಹಿಂದಿನ ಆಕ್ಸಲ್ ಗೇರ್, ಕ್ಯಾಮ್ ಎಲ್ಲಾ ಹೇಳಿದ ಮೇಲೇ ಒಳ್ಳೆ ಕನ್ವರ್ಟರ್ ಮೇಸ್ತ್ರಿ ಉತ್ತರ ಕೊಡೋದು. ಸ್ಟಾಲ್ ಕಮ್ಮಿಯಾದರೆ ಎಂಜಿನ್ ಮುಗ್ಗರಿಸುತ್ತೆ. ವಿಪರೀತ ಜಾಸ್ತಿಯಾದರೆ ಶಕ್ತಿಯೆಲ್ಲ ಬಿಸಿಯಾಗಿ ಎಣ್ಣೆಗೆ ಹೋಗುತ್ತೆ, ಎಣ್ಣೆ ಸುಟ್ಟರೆ ಗೇರ್‌ಬಾಕ್ಸೇ ಢಮಾರ್.

ಎರಡೂ ಬೇಕು ಅಂತ ಬ್ಯೂಕ್‌ನವರು 1955ರಲ್ಲಿ ಸ್ಟೇಟರ್ ರೆಕ್ಕೆಗಳ ಕೋನವೇ ಬದಲಾಗೋ ಹಾಗೆ ಮಾಡಿದರು. ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಹೆಚ್ಚು ಜಾರು, ಸುಮ್ಮನೆ ಹೋಗುವಾಗ ಕಮ್ಮಿ. ಎಷ್ಟು ಚೆಂದದ ತಲೆ ನೋಡಿ! ಆದರೂ ಅದು ಎಲ್ಲ ಕಾರಿಗೂ ಬರಲಿಲ್ಲ.

ಹಾಗಾಗಿ ಈಗಲೂ ಕಾರು ಕಟ್ಟೋನು ಮೊದಲು ಹೇಳಬೇಕಾದ್ದು ಸಂಖ್ಯೆ ಅಲ್ಲ: ದಿನಾ ಆಫೀಸಿಗೆ ಓಡಿಸೋ ಕಾರಾ, ಭಾನುವಾರ ಕಾಲು ಮೈಲಿ ಓಡಿಸೋ ಕಾರಾ? ಅದನ್ನ ಸುಳ್ಳು ಹೇಳದೆ ಒಪ್ಪಿಕೊಂಡರೆ, ಎಷ್ಟು ಜಾರಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.