ಕೂಸಿನ ಮೊದಲ ತುತ್ತು

ಅನ್ನಪ್ರಾಶನವು ಆರನೆಯ ತಿಂಗಳಿನಲ್ಲಿ ಆಗತಕ್ಕದ್ದೆಂದು ಆಶ್ವಲಾಯನ ಗೃಹ್ಯಸೂತ್ರವು ವಿಧಿಸಿರುವುದು. ಆರು ತಿಂಗಳು ತುಂಬುವ ತನಕ ಮೊಲೆಹಾಲೇ ಸಾಕೆಂದು 2001ರಲ್ಲಿ ವಿಶ್ವ ಆರೋಗ್ಯ ಸಭೆಯೂ ಸಾರಿತು. ಸೂತ್ರಕಾರರೂ ವೈದ್ಯರೂ ಸಮ್ಮತಿಸಿದರು. ಇನ್ನು ಕೂಸು ಸಮ್ಮತಿಸಬೇಕಷ್ಟೆ!

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯು ಬಿಳಿಜೋಳದ ನಾಡು. 1876–78ರ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಇಲ್ಲಿ, ಆ ಜೋಳವೇ ಇಲ್ಲವಾಗಿ ಅಸಂಖ್ಯ ಜನರು ಅಳಿದರು. ತುತ್ತನ್ನು ಉಗುಳುವ ಕೂಸು ಸುಭಿಕ್ಷದ ಕೂಸೆಂದು ನಾವು ಬಗೆಯುವುದು ಇದರಿಂದಲೇ.

ಉಗುಳುವುದಕ್ಕೂ ಕಾರಣವುಂಟು. ಗಟ್ಟಿಯಾದ ನುಚ್ಚು ಎಳೆಯ ನಾಲಗೆಗೆ ಒಗ್ಗದು. ನೀರು ಹೊಯ್ದ ಅಂಬಲಿಯಿಂದ ಹೊಟ್ಟೆ ತುಂಬೀತು, ಮೈ ತುಂಬದು. ಮೊಳೆಯಿಸಿ, ಒಣಗಿಸಿ, ಬೀಸಿದ ಗೋಧಿಯ ಹಿಟ್ಟನ್ನು ಸ್ವಲ್ಪವೇ ಬಿಸಿಗಂಜಿಗೆ ಬೆರೆಸಿ ಮತ್ತೊಮ್ಮೆ ಕುದಿಸಿದರೆ, ನೀರು ಬೆರೆಸದೆಯೇ ಗಂಜಿಯು ತೆಳುವಾಗುವುದು. ರಾಗಿಯೂ ಆದೀತು. ಜೋಳದ ಮೊಳಕೆಯಲ್ಲಿ ಮಾತ್ರ ನಂಜುಂಟು. ಅದು ಈ ಕೆಲಸಕ್ಕೆ ಸಲ್ಲದು.