ಚಿತ್ರಸ್ಥಾನಲಕ್ಷಣವಿಚಾರ

ಭಟ್ಕಳದ ಕೇತಪೈ ನಾರಾಯಣ ದೇವಾಲಯ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಚತುರ್ಮುಖ ಬಸದಿ, ಕುಮಟಾ ತಾಲೂಕಿನ ಮಿರ್ಜಾನ ಕೋಟೆ ಇವುಗಳ ಛಾಯಾಚಿತ್ರಗಳು ಈಗ ಅಂತರ್ಜಾಲದ ಪುಟಗಳಲ್ಲಿ ದೊರೆಯುತ್ತವೆ. ಇವುಗಳ ಸೂಚಿಯನ್ನು ಸಿದ್ಧಪಡಿಸಬಯಸುವ ಸಂಶೋಧಕನು ಚಿತ್ರಗಳ ವಿಳಾಸಗಳನ್ನು ಪುಟದ ಮೂಲಬರಹದಿಂದಲೇ ಎತ್ತಿಕೊಳ್ಳಬೇಕಾಗುತ್ತದೆ. ಈ ಕಾರ್ಯಕ್ಕೆ ರೂಢಿಯಲ್ಲಿರುವ ಸಾಧನದ ಪೂರ್ವೇತಿಹಾಸವನ್ನೂ ಬಲಾಬಲಗಳನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಮೂಲಬರಹವು ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿರುತ್ತದೆ. ಅದರಲ್ಲಿ ಚಿತ್ರಕ್ಕಾಗಿ ‘ಐಎಂಜಿ’ ಎಂಬ ಗುರುತನ್ನೂ, ಅದರೊಳಗೆ ವಿಳಾಸವನ್ನು ತಿಳಿಸುವ ‘ಎಸ್‌ಆರ್‌ಸಿ’ ಎಂಬ ವಿಶೇಷಣವನ್ನೂ ಮಾರ್ಕ್ ಆಂಡ್ರೀಸನ್ನರು 1993ನೆಯ ಇಸವಿಯ ಫೆಬ್ರುವರಿಯಲ್ಲಿ ಸೂಚಿಸಿದರು. ಹುಡುಕುವ ಸಾಧನವಾದರೋ ಇದಕ್ಕಿಂತಲೂ ಹಳೆಯದು. ತರ್ಕಶಾಸ್ತ್ರಜ್ಞರಾದ ಸ್ಟೀಫನ್ ಕ್ಲೇನಿಯವರು 1951ರಲ್ಲಿ ಬರೆದು 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅನುಕ್ರಮ, ವಿಕಲ್ಪ, ಆವೃತ್ತಿ ಎಂಬ ಮೂರೇ ವ್ಯಾಪಾರಗಳಿಂದ ಅಕ್ಷರಮಾಲೆಗಳನ್ನು ನಿರೂಪಿಸುವ ಕ್ರಮವು ಹೇಳಲ್ಪಟ್ಟಿತು. 1968ರಲ್ಲಿ ಕೆನ್ ಥಾಂಪ್ಸನ್ನರು ಇದನ್ನು ಗಣಕಯಂತ್ರದ ಶೋಧಕಾರ್ಯಕ್ಕೆ ಅಳವಡಿಸಿದರು. ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಇದನ್ನು ನಾವು ಮಾದರಿಸೂತ್ರವೆಂದು ಕರೆಯಬಹುದು.

‘ಐಎಂಜಿ’ ಗುರುತಿನಲ್ಲಿ ‘ಎಸ್‌ಆರ್‌ಸಿ’ಯ ತರುವಾಯ ಜೋಡಿ ಉದ್ಧರಣಚಿಹ್ನೆಗಳ ನಡುವೆ ಇರುವ ಅಕ್ಷರಗಳನ್ನು ಗ್ರಹಿಸಬೇಕೆಂಬುದು ಸೂತ್ರದ ತಾತ್ಪರ್ಯ. ಇದನ್ನು ಲಕ್ಷಣವೆಂದು ಭಾವಿಸಿದರೆ ತಾರ್ಕಿಕರು ಹೇಳುವ ದೋಷಗಳು ಇಲ್ಲಿಯೂ ಕಂಡುಬರುತ್ತವೆ. ಒಂಟಿ ಉದ್ಧರಣಚಿಹ್ನೆಯಿಂದ ಬರೆದ ವಿಳಾಸವು ಬಿಟ್ಟುಹೋಗುವುದು ಅವ್ಯಾಪ್ತಿ. ಟಿಪ್ಪಣಿಯೊಳಗೆ ಅಡಗಿದ್ದು ಓದುಗನಿಗೆ ಕಾಣಿಸದ ಚಿತ್ರವೂ ಸೇರಿಬರುವುದು ಅತಿವ್ಯಾಪ್ತಿ. ‘ಯಾವ ಅಕ್ಷರವಾದರೂ, ಎಷ್ಟಾದರೂ’ ಎಂದು ಅಂಕೆಯಿಲ್ಲದೆ ವಿಧಿಸಿದರೆ ಸೂತ್ರವು ಸಾಲಿನ ಕೊನೆಯ ಉದ್ಧರಣಚಿಹ್ನೆಯವರೆಗೂ ಧಾವಿಸಿ, ಎರಡು ವಿಳಾಸಗಳನ್ನು ಒಂದಾಗಿಸುತ್ತದೆ.

ಇವುಗಳಿಗಿಂತಲೂ ಗಹನವಾದ ತೊಡಕು ಮತ್ತೊಂದಿದೆ. ಅನೇಕ ಪುಟಗಳಲ್ಲಿ ವಿಳಾಸದ ಉತ್ತರಭಾಗವು ಮಾತ್ರ ಬರೆದಿರುತ್ತದೆ; ಪೂರ್ವಭಾಗವನ್ನು ಆ ಪುಟದ ವಿಳಾಸದಿಂದ ತಂದುಕೊಳ್ಳಬೇಕು. ಪಾಣಿನೀಯದಲ್ಲಿ ಹಿಂದಿನ ಸೂತ್ರದ ಪದವು ಅನುವೃತ್ತಿಯಿಂದ ಬಂದಲ್ಲದೆ ಮುಂದಿನ ಸೂತ್ರವು ಪೂರ್ಣವಾಗದಷ್ಟೆ. ಇಲ್ಲಿಯೂ ಹಾಗೆಯೇ. ಪ್ರಕರಣದಿಂದ ಬೇರ್ಪಟ್ಟ ವಿಳಾಸವು ದೊರೆತ ಊರನ್ನು ಗುರುತಿಸದ ಶಾಸನದ ಪಡಿಯಚ್ಚಿನಂತೆ, ಅಕ್ಷರಗಳಿದ್ದರೂ ನೆಲೆಯಿಲ್ಲ.

ಆದುದರಿಂದ ಒಂದೇ ಕ್ರಮದಲ್ಲಿ ಬರೆದ ಪುಟಗಳಿಗೆ ಮಾದರಿಸೂತ್ರವು ಸಾಕು. ಒಂದರೊಳಗೊಂದಾಗಿ ಎಷ್ಟು ಆಳಕ್ಕಾದರೂ ಹುದುಗಬಲ್ಲ ಗುರುತುಗಳ ರಚನೆಯನ್ನು ಕ್ಲೇನಿಯವರ ಕ್ರಮವು ಅಳೆಯಲಾರದು. ನಾನಾ ಕೈಗಳ ಬರಹಕ್ಕೆ ಆ ರಚನೆಯನ್ನೇ ಓದುವ ಪಾರ್ಸರ್ ಬೇಕು. ಯಾವ ಸಾಧನವನ್ನು ಹಿಡಿದರೂ, ಚಿತ್ರದ ಪೂರ್ಣವಿಳಾಸದೊಡನೆ ಅದಿದ್ದ ಪುಟವನ್ನೂ ನೋಡಿದ ದಿನವನ್ನೂ ಬರೆದಿಡುವುದು ಅವಶ್ಯವು. ಪುಟಗಳು ಅಳಿಯುತ್ತವೆ, ಮುಂದಿನವರಿಗೆ ಸೂಚಿಯೊಂದೇ ಪ್ರಮಾಣವಾಗಿ ಉಳಿಯಬಹುದು.